ಬಾಯಿ ಹಾಕುವುದು, ಮೂಗು ತೂರಿಸುವುದು, ಅಡ್ಡಗಾಲು ಕೊಡುವುದು

ಕರಿಬೇವನ್ನು ಒಗ್ಗರಣೆಗೆ ಹಾಕಿದ ಹಾಗೆ ನಾವು ‘ಡಿಸ್ಟರ್ಬ್’ ಪದವನ್ನು ಎಲ್ಲದಕ್ಕೂ ಹಾಕುತ್ತೇವೆ ಎಂದು ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಅದಕ್ಕೇ ಈ ಸಲದ ಪತ್ರಗಳೆಲ್ಲ ಗಂಟುಬಿದ್ದಿವೆ. ಬರೆದವರ ಹೆಸರು ಹಾಕುವುದಿಲ್ಲ, ಊರು ಮಾತ್ರ ಹಾಕುತ್ತೇನೆ. ಮೂವತ್ಮೂರು ವರ್ಷ ಪಿಯುಸಿ ಮಕ್ಕಳ ಹಾಜರಿ ಕೂಗಿದವಳಿಗೆ ಹೆಸರಿನ ಮೋಹ ತೀರಿದೆ.

ಬೆಂಗಳೂರಿನಿಂದ: ಮೇಡಂ, ಆಫೀಸಿನ ವಿಡಿಯೊ ಮೀಟಿಂಗಿನಲ್ಲಿ ಲಂಡನ್ನಿನ ಸಹೋದ್ಯೋಗಿ ಮಾತಾಡುತ್ತಿದ್ದಾಗ ನಾನು ‘ಸಾರಿ ಟು ಡಿಸ್ಟರ್ಬ್ ಯು’ ಎಂದು ಶುರುಮಾಡಿದೆ. ಮೀಟಿಂಗ್ ಮುಗಿದ ಮೇಲೆ ನಮ್ಮ ಲೀಡ್ ‘ಅಲ್ಲಿ ಇಂಟರಪ್ಟ್ ಅನ್ನಬೇಕಿತ್ತು’ ಅಂದರು. ಎರಡೂ ತೊಂದರೆ ಕೊಡುವುದೇ ತಾನೇ?

ನಿಮ್ಮ ಲೀಡ್ ಹೇಳಿದ್ದು ಸರಿ. ಆದರೆ ‘ತೊಂದರೆ’ ಎಂಬ ಕನ್ನಡ ಪದದಿಂದ ಹೊರಟರೆ ಈ ವ್ಯತ್ಯಾಸ ಯಾವತ್ತೂ ಸಿಕ್ಕುವುದಿಲ್ಲ. ‘ಮಾತಿನ ಮಧ್ಯೆ ಬಾಯಿ ಹಾಕಿದೆ’ ಎನ್ನುತ್ತೇವಲ್ಲ, ಅಲ್ಲಿಂದ ಹೊರಡಿ. ಕನ್ನಡದಲ್ಲಿ ಪ್ರತಿಯೊಂದು ಅಡ್ಡಿಗೂ ಒಂದು ಅಂಗ ಇದೆ. ಮಾತು ತುಂಡರಿಸುವವನು ಬಾಯಿ ಹಾಕುತ್ತಾನೆ, ಊರ ಉಸಾಬರಿಯವನು ಮೂಗು ತೂರಿಸುತ್ತಾನೆ, ಆಗುವ ಕೆಲಸ ಕೆಡಿಸುವವನು ಅಡ್ಡಗಾಲು ಕೊಡುತ್ತಾನೆ. ಮೊದಲು ಅಂಗ ಯಾವುದು ಎಂದು ಗುರುತಿಸಿಕೊಂಡರೆ ಇಂಗ್ಲಿಷ್ ಪದ ಅರ್ಧ ಸಿಕ್ಕಿದ ಹಾಗೆ. ಇದು ವ್ಯಾಕರಣದ ಪುಸ್ತಕದಲ್ಲಿ ಇರುವುದಿಲ್ಲ. ನಾನು ಕ್ಲಾಸಿನಲ್ಲಿ ಬಳಸುತ್ತಿದ್ದ ಊರುಗೋಲು.

‘ಇಂಟರಪ್ಟ್’ನ ಒಳಗೆ ಲ್ಯಾಟಿನ್ನಿನ ಮುರಿಯುವ ಕ್ರಿಯೆ ಕೂತಿದೆ. ‘ಇಂಟರ್’ ಎಂದರೆ ನಡುವೆ, ‘ರಪ್ಟ್’ ಎಂದರೆ ಮುರಿದದ್ದು. ಜ್ವಾಲಾಮುಖಿ ‘ಇರಪ್ಟ್’ ಆಗುವುದು, ನೀತಿ ಮುರಿದವನು ‘ಕರಪ್ಟ್’ ಆಗುವುದು, ವ್ಯಾಪಾರ ಮುರಿದವನು ‘ಬ್ಯಾಂಕ್‌ರಪ್ಟ್’ ಆಗುವುದು ಎಲ್ಲ ಒಂದೇ ಮನೆಯ ಮಕ್ಕಳು. ಹಾಗಾಗಿ ಇಂಟರಪ್ಟ್ ಮಾಡಬೇಕಾದರೆ ಅಲ್ಲಿ ಒಂದು ಎಳೆ ನಡೆಯುತ್ತಿರಬೇಕು: ಮಾತು, ಪಾಠ, ಆಟ, ಪ್ರಯಾಣ. ಎಳೆ ತುಂಡಾದ ಮೇಲೆ ಸಾಮಾನ್ಯವಾಗಿ ಮತ್ತೆ ಗಂಟು ಹಾಕುತ್ತಾರೆ. ‘ವೇರ್ ವರ್ ವಿ?’ ಎಂದು ಅವರು ಕೇಳುವುದು, ‘ಎಲ್ಲಿಗೆ ಬಂದಿತ್ತು ಮಾತು?’ ಎಂದು ನಾವು ಕೇಳುವುದು ಆ ಗಂಟಿಗಾಗಿಯೇ.

‘ಡಿಸ್ಟರ್ಬ್’ಗೆ ಎಳೆ ಬೇಡ, ನೆಮ್ಮದಿ ಬೇಕು. ಅದರ ಮೂಲದಲ್ಲಿರುವುದು ಕಲಕುವುದು. ರಾಡಿ ನೀರಿಗೆ ‘ಟರ್ಬಿಡ್’ ಎನ್ನುವುದು, ವಿಮಾನ ಕುಲುಕಿದಾಗ ಪೈಲಟ್ ‘ಟರ್ಬ್ಯುಲೆನ್ಸ್’ ಎನ್ನುವುದು ಇದೇ ಬೇರಿನಿಂದ. ತಿಳಿಯಾದ ಬಾವಿಗೆ ಕೊಡ ಬಿಟ್ಟರೆ ನೀರು ಕಲಕುತ್ತದಲ್ಲ, ಅದು ಡಿಸ್ಟರ್ಬ್. ಮಲಗಿದ ಮಗು, ಓದುತ್ತಿರುವ ಅಪ್ಪ, ಜೋಡಿಸಿಟ್ಟ ಕಾಗದ, ಗೂಡಿನಲ್ಲಿ ಕೂತ ಹಕ್ಕಿ ಇವಕ್ಕೆಲ್ಲ ಡಿಸ್ಟರ್ಬ್ ಸರಿ. ಇಬ್ಬರು ಕಿರುಚಾಡಿ ಜಗಳವಾಡುತ್ತಿದ್ದರೆ ನೀವು ಹೋಗಿ ಅದನ್ನು ಡಿಸ್ಟರ್ಬ್ ಮಾಡಲಾರಿರಿ, ಕಲಕಲು ಅಲ್ಲಿ ತಿಳಿ ಎಲ್ಲಿದೆ? ಇಂಟರಪ್ಟ್ ಮಾಡಬಹುದು. ನಿಮ್ಮ ಸಹೋದ್ಯೋಗಿ ಮಾತಾಡುತ್ತಿದ್ದರು, ಆದ್ದರಿಂದ ‘ಸಾರಿ ಟು ಇಂಟರಪ್ಟ್’. ಅವರು ತಮ್ಮ ಮೇಜಿನಲ್ಲಿ ತಲೆತಗ್ಗಿಸಿ ಏನೋ ಬರೆಯುತ್ತ ಕೂತಿದ್ದು, ನೀವು ಹೋಗಿ ಪಕ್ಕ ನಿಂತಿದ್ದರೆ ‘ಸಾರಿ ಟು ಡಿಸ್ಟರ್ಬ್ ಯು’ ಅನ್ನಬಹುದಿತ್ತು.

ಇನ್ನೊಂದು ಎಚ್ಚರ. ನಮ್ಮಲ್ಲಿ ‘ಮೂಡೆಲ್ಲ ಡಿಸ್ಟರ್ಬ್ ಆಗೋಯ್ತು’ ಎಂದು ಸಲೀಸಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಅವನು ಡಿಸ್ಟರ್ಬ್ಡ್’ ಎಂದರೆ ಕೇಳಿದವರು ಅವನ ಮನಸ್ಸಿನ ಸ್ವಾಸ್ಥ್ಯದ ಬಗ್ಗೆ ಯೋಚಿಸುತ್ತಾರೆ. ರಜೆಯ ಅರ್ಜಿಯಲ್ಲಿ ಬರೆಯಬೇಡಿ.

ರಾಯಚೂರಿನಿಂದ: ನಾನು ಬ್ಯಾಂಕಿನಲ್ಲಿ ಗುಮಾಸ್ತ. ಇಂಟರ್‌ಫಿಯರ್ ಮತ್ತು ಇಂಟರ್‌ವೀನ್ ಎರಡಕ್ಕೂ ನಿಘಂಟಿನಲ್ಲಿ ‘ಮಧ್ಯೆ ಪ್ರವೇಶಿಸು’ ಎಂದೇ ಇದೆ. ಹಾಗಾದರೆ ಒಂದರ ಬದಲು ಇನ್ನೊಂದು ಬಳಸಬಹುದೇ?

ಬಳಸಿದವಳು ನಾನಿದ್ದೇನೆ, ಕೇಳಿ. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಕಾಲೇಜಿಗೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರ ಮುಂದೆ ನಮ್ಮ ಇಬ್ಬರು ಹಿರಿಯ ಉಪನ್ಯಾಸಕರು ವೇಳಾಪಟ್ಟಿಯ ವಿಷಯಕ್ಕೆ ಜೋರಾಗಿ ವಾದಕ್ಕಿಳಿದರು. ತಪ್ಪು ಇಬ್ಬರದೂ ಅಲ್ಲ, ವೇಳಾಪಟ್ಟಿ ಬರೆದವಳು ನಾನು. ಎದ್ದು ನಿಂತು, ಸೀರೆಯ ಸೆರಗು ಸರಿಮಾಡಿಕೊಂಡು, ಬಹಳ ವಿನಯದಿಂದ ‘ಸರ್, ಮೇ ಐ ಇಂಟರ್‌ಫಿಯರ್?’ ಎಂದೆ. ಆ ಮನುಷ್ಯ ಕನ್ನಡಕದ ಮೇಲಿನಿಂದ ನೋಡಿ ‘ಪ್ಲೀಸ್ ಡೋಂಟ್’ ಎಂದರು. ಜಗಳವಾಡುತ್ತಿದ್ದ ಇಬ್ಬರೂ ಒಟ್ಟಿಗೆ ನಕ್ಕರು. ರಾಜಿಯೇನೋ ಆಯಿತು. ಆದರೆ ಮುಂದಿನ ಐದಾರು ವರ್ಷ ಸ್ಟಾಫ್ ರೂಮಿನಲ್ಲಿ ಯಾರು ನನ್ನ ಟಿಫಿನ್ ಡಬ್ಬಿಗೆ ಕೈ ಹಾಕಿದರೂ ‘ಮೇ ಐ ಇಂಟರ್‌ಫಿಯರ್?’ ಎಂದೇ ಹಾಕುತ್ತಿದ್ದರು.

ನನಗೆ ಆಗ ಗೊತ್ತಿಲ್ಲದ್ದು ಇಷ್ಟು. ‘ಇಂಟರ್‌ವೀನ್’ ಎಂದರೆ ನಡುವೆ ಬರುವುದು, ಅಷ್ಟೇ. ಬಂದವನ ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಆ ಪದ ಹೇಳುವುದಿಲ್ಲ. ಆದರೆ ಬಳಕೆಯಲ್ಲಿ ಬಹುಪಾಲು ಒಳ್ಳೆಯದೇ: ಹೊಡೆದಾಟ ಬಿಡಿಸಲು ಪೊಲೀಸರು ಇಂಟರ್‌ವೀನ್ ಮಾಡುತ್ತಾರೆ, ನ್ಯಾಯಾಲಯದಲ್ಲಿ ಬೇರೆಯವರ ಮೊಕದ್ದಮೆಯಲ್ಲಿ ತಮ್ಮ ಮಾತೂ ಕೇಳಬೇಕು ಎನ್ನುವವರು ‘ಇಂಟರ್‌ವೆನ್ಷನ್’ ಅರ್ಜಿ ಹಾಕುತ್ತಾರೆ. ಕಾಲಕ್ಕೂ ಈ ಪದ ಸಲ್ಲುತ್ತದೆ. ಎರಡು ಘಟನೆಗಳ ನಡುವಿನ ವರ್ಷಗಳು ‘ಇಂಟರ್‌ವೀನಿಂಗ್ ಇಯರ್ಸ್’.

‘ಇಂಟರ್‌ಫಿಯರ್’ ಹಾಗಲ್ಲ. ಅದರ ಹುಟ್ಟು ಕೇಳಿದರೆ ನಿಮಗೆ ಮರೆಯುವುದಿಲ್ಲ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದು ಕುದುರೆಗಳ ಪದವಾಗಿತ್ತು. ನಡೆಯುವಾಗ ಒಂದು ಕಾಲಿನ ಗೊರಸು ಇನ್ನೊಂದು ಕಾಲಿಗೆ ಬಡಿದು ಕುದುರೆ ಮುಗ್ಗರಿಸಿದರೆ ಅದು ಇಂಟರ್‌ಫಿಯರ್ ಮಾಡುತ್ತಿದೆ ಎನ್ನುತ್ತಿದ್ದರು. ಕಾಲಿಗೆ ಕಾಲು ಅಡ್ಡ! ನಮ್ಮ ‘ಅಡ್ಡಗಾಲು’ ಅಲ್ಲದೆ ಇನ್ನೇನು ಇದು? ಎರಡು ಭಾಷೆಗಳು ಒಂದನ್ನೊಂದು ಕೇಳದೆಯೇ ಒಂದೇ ಕಾಲು ಎತ್ತಿಟ್ಟಿವೆ ಎಂದು ತಿಳಿದ ದಿನ ನನಗಾದ ಖುಷಿಯನ್ನು ಮನೆಯಲ್ಲಿ ಹೇಳಿಕೊಂಡೆ. ನಮ್ಮವರು ‘ಹೌದಾ’ ಎಂದು ಪೇಪರ್ ಮಗುಚಿದರು.

ಆದ್ದರಿಂದ ಇಂಟರ್‌ಫಿಯರ್ ಎಂದರೆ ನಡೆಯುವ ಕೆಲಸದ ಕಾಲಿಗೆ ತೊಡರುವುದು, ತನಗೆ ಸಂಬಂಧವಿಲ್ಲದ್ದಕ್ಕೆ ಬೀಳುವುದು. ‘ನಾನು ಇಂಟರ್‌ಫಿಯರ್ ಮಾಡಲೇ’ ಎಂದು ಅನುಮತಿ ಕೇಳುವುದು, ‘ನಿಮ್ಮ ಕೆಲಸಕ್ಕೆ ಸ್ವಲ್ಪ ಅಡ್ಡಗಾಲು ಕೊಡಲೇ ಸ್ವಾಮಿ’ ಎಂದಂತೆ. ಅದರ ಮುಂದೆ ಬರುವ ಉಪಸರ್ಗವನ್ನೂ ನೋಡಿಕೊಳ್ಳಿ. ‘ಇಂಟರ್‌ಫಿಯರ್ ಇನ್’ ಎಂದರೆ ವ್ಯವಹಾರದಲ್ಲಿ ತಲೆ ಹಾಕುವುದು. ‘ಇಂಟರ್‌ಫಿಯರ್ ವಿತ್’ ಎಂದರೆ ಕೆಲಸ ಕೆಡಿಸುವುದು: ಮೊಬೈಲ್ ಗೀಳು ಓದಿನ ಜೊತೆ ಇಂಟರ್‌ಫಿಯರ್ ಮಾಡುತ್ತದೆ. ಆದರೆ ಬ್ರಿಟನ್ನಿನ ಪತ್ರಿಕಾ ಭಾಷೆಯಲ್ಲಿ ಯಾರಾದರೂ ಒಂದು ಮಗುವಿನ ‘ಜೊತೆ ಇಂಟರ್‌ಫಿಯರ್’ ಮಾಡಿದ ಎಂದರೆ ಅದು ಲೈಂಗಿಕ ದೌರ್ಜನ್ಯವನ್ನು ಮುಚ್ಚಿ ಹೇಳುವ ರೀತಿ. ಅಲ್ಲಿರುವ ನಮ್ಮ ಮಕ್ಕಳು ಶಾಲೆಯ ಶಿಕ್ಷಕರಿಗೆ ದೂರು ಬರೆಯುವಾಗ ಈ ಪದ ಎಡವಟ್ಟಾಗಿ ಬಿದ್ದರೆ ಕತೆ ಎಲ್ಲಿಗೋ ಹೋಗುತ್ತದೆ.

ಮೂಗಿನ ಪಾಲಿನದು ‘ಮೆಡ್ಲ್’. ಮೊದಲು ಅದಕ್ಕೆ ಬೆರೆಸು ಎಂಬ ಅರ್ಥ ಮಾತ್ರ ಇತ್ತು. ಈಗ ಮದುವೆ ಮಾತುಕತೆಯ ಮನೆಗೆ ಕರೆಯದೇ ಬಂದು ವರದಕ್ಷಿಣೆ ಲೆಕ್ಕ ಕೇಳುವ ದೂರದ ನೆಂಟರ ಕೆಲಸಕ್ಕೆ ಆ ಹೆಸರು. ಇಂಟರ್‌ಫಿಯರ್‌ಗಿಂತ ಒಂದು ತೂಕ ಹೆಚ್ಚು ಬೈಗುಳ.

ಹುಬ್ಬಳ್ಳಿಯಿಂದ, ಡಿಪ್ಲೊಮಾ ವಿದ್ಯಾರ್ಥಿ: ಯುಪಿಎಸ್‌ನಲ್ಲಿ ಯು ಎಂದರೆ ‘ಅನ್‌ಇಂಟರಪ್ಟೆಡ್’ ಎಂದು ನಾನು, ‘ಅನ್‌ಇಂಟರಪ್ಟಿಬಲ್’ ಎಂದು ಗೆಳೆಯ. ಯಾರು ಗೆದ್ದರು?

ಗೆಳೆಯ. ‘ಅನ್‌ಇಂಟರಪ್ಟೆಡ್’ ಎಂದರೆ ತುಂಡಾಗಿಲ್ಲ, ‘ಅನ್‌ಇಂಟರಪ್ಟಿಬಲ್’ ಎಂದರೆ ತುಂಡರಿಸಲಾಗದು. ಎರಡನೆಯದು ಭರವಸೆಯ ಮಾತು, ಬ್ಯಾಟರಿ ಹಳತಾಗುವವರೆಗೆ. ಇಲ್ಲಿ ಕನ್ನಡ ಪತ್ರಿಕೆಗಳ ಬಗ್ಗೆ ಒಂದು ತಕರಾರು ಹೇಳಿಬಿಡುತ್ತೇನೆ. ಕರೆಂಟ್ ತೆಗೆಯುವುದಕ್ಕೆ ‘ವಿದ್ಯುತ್ ವ್ಯತ್ಯಯ’ ಎಂದು ಅಚ್ಚುಹಾಕುತ್ತಾರೆ. ವ್ಯತ್ಯಯ ಎಂದರೆ ಏರುಪೇರು, ಅದಲುಬದಲು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಪೂರ್ತಿ ಇಲ್ಲದಿರುವುದರಲ್ಲಿ ಏರುಪೇರು ಏನು ಬಂತು? ದೂರದರ್ಶನದವರು ಪರದೆಯ ಮೇಲೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂದು ಬರೆದು ಕೂರಿಸುತ್ತಿದ್ದರಲ್ಲ, ಅವರೇ ವಾಸಿ. ನಿಂತಿದೆ ಎಂದು ಒಪ್ಪಿಕೊಳ್ಳುತ್ತಿದ್ದರು.

ನ್ಯೂಜೆರ್ಸಿಯಿಂದ: ಮಗನ ಮನೆಗೆ ಬಂದು ಮೂರು ತಿಂಗಳಾಯಿತು. ಸೊಸೆ ಅಮೆರಿಕದವಳು, ಒಳ್ಳೆಯ ಹುಡುಗಿ. ಊಟಕ್ಕೆ ಕೂತಾಗ ನಾನು, ಮಗ, ಇಲ್ಲೇ ಇರುವ ನನ್ನ ತಂಗಿ ಎಲ್ಲ ಸೇರಿ ಮಾತಾಡುತ್ತೇವೆ. ಅವಳು ಸುಮ್ಮನೆ ಕೂತಿರುತ್ತಾಳೆ. ಮೊನ್ನೆ ಮಗನ ಹತ್ತಿರ ‘ಯುವರ್ ಫ್ಯಾಮಿಲಿ ಇಂಟರಪ್ಟ್ಸ್ ಮಿ ಆಲ್ ದ ಟೈಮ್’ ಎಂದಳಂತೆ. ನಾವು ಅವಳ ಮಾತಿಗೆ ಎಂದೂ ಅಡ್ಡ ಬಂದವರಲ್ಲ. ನಾವು ಮಾಡುವುದು ನಿಜವಾಗಿ ಇಂಟರಪ್ಷನ್ನೇ?

ಅಮ್ಮಾ, ನಿಮ್ಮ ಪತ್ರ ಎರಡು ಸಲ ಓದಿದೆ. ಇದು ಪದದ ಪ್ರಶ್ನೆ ಅಂದುಕೊಂಡು ಕಳಿಸಿದ್ದೀರಿ, ಇದು ಊಟದ ಮನೆಯ ಪ್ರಶ್ನೆ.

ನಮ್ಮ ಭಾಷೆಯಲ್ಲಿ ‘ಹೂಂಗುಟ್ಟು’ ಎಂಬ ಒಂದು ಪೂರ್ತಿ ಕ್ರಿಯಾಪದವೇ ಇದೆ. ನಮ್ಮಜ್ಜಿ ಕತೆ ಹೇಳುವಾಗ ಹೂಂಗುಟ್ಟುವುದನ್ನು ನಿಲ್ಲಿಸಿದರೆ ‘ನಿದ್ದೆ ಹೋದ್ಯೇನೇ?’ ಎಂದು ರಾಕ್ಷಸನನ್ನು ಅರ್ಧದಲ್ಲೇ ನಿಲ್ಲಿಸಿ ಕೇಳುತ್ತಿದ್ದಳು. ಕೇಳುವವರು ಸುಮ್ಮನಿದ್ದರೆ ನಮಗೆ ಕಸಿವಿಸಿ. ‘ಹೂಂ’, ‘ಹೌದಾ?’, ‘ಅಯ್ಯೋ ಪಾಪ’, ‘ಆಮೇಲೆ?’ ಇವು ಮಾತಿಗೆ ಅಡ್ಡಿಯಲ್ಲ, ಮಾತಿಗೆ ಊರುಗೋಲು. ಅಷ್ಟೇ ಅಲ್ಲ, ತಂಗಿ ಒಂದು ಮಾತು ಶುರುಮಾಡಿದರೆ ಅಕ್ಕ ಮುಗಿಸುತ್ತಾಳೆ, ಮಗ ಅದರ ಮೇಲೆ ಇನ್ನೊಂದು ಸೇರಿಸುತ್ತಾನೆ. ಭಜನೆಯಲ್ಲಿ ಎಲ್ಲರೂ ಒಟ್ಟಿಗೆ ಹಾಡಿದರೆ ಯಾರೂ ಯಾರ ಹಾಡನ್ನೂ ಕೆಡಿಸಿದಂತೆ ಅನ್ನಿಸುವುದಿಲ್ಲವಲ್ಲ, ಹಾಗೆ.

ಇದನ್ನು ಕೂತು ಅಭ್ಯಾಸ ಮಾಡಿದವರಿದ್ದಾರೆ. ಡೆಬೊರಾ ಟ್ಯಾನನ್ ಎಂಬ ಅಮೆರಿಕದ ಭಾಷಾವಿಜ್ಞಾನಿ 1978ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆದ ಒಂದು ಥ್ಯಾಂಕ್ಸ್‌ಗಿವಿಂಗ್ ಊಟದ ಮಾತುಕತೆಯನ್ನು ಟೇಪ್ ಮಾಡಿ, ಸಾಲು ಸಾಲಾಗಿ ಬಿಡಿಸಿ ನೋಡಿದರು. ಮೇಜಿನ ಸುತ್ತ ಆರು ಜನ. ಅದರಲ್ಲಿ ನ್ಯೂಯಾರ್ಕಿನವರು ಒಬ್ಬರ ಮಾತಿನ ಮೇಲೆ ಒಬ್ಬರು ಬೀಳುತ್ತಿದ್ದರು, ಅವರಿಗೆ ಅದು ಆಸಕ್ತಿಯ ಗುರುತು. ಕ್ಯಾಲಿಫೋರ್ನಿಯದವರಿಗೂ ಇಂಗ್ಲೆಂಡಿನಿಂದ ಬಂದವರಿಗೂ ಅದೇ ನುಗ್ಗಾಟವಾಗಿ ಕಂಡಿತು, ಅವರು ಮಾತು ನಿಲ್ಲಿಸಿ ಕಾದರು. ಕಾದಷ್ಟೂ ಉಳಿದವರು ತುಂಬಿಕೊಂಡರು. ಇಂಥ ಮೇಲೆ ಬೀಳುವಿಕೆಗೆ ಟ್ಯಾನನ್ ಇಟ್ಟ ಹೆಸರು ‘ಕೋಆಪರೇಟಿವ್ ಓವರ್‌ಲ್ಯಾಪ್’. ಕೂಡು ಮಾತು ಎನ್ನೋಣವೇ? ಎಲ್ಲರೂ ಇಂಗ್ಲಿಷೇ ಆಡುತ್ತಿದ್ದರು ಎಂಬುದನ್ನು ಗಮನಿಸಿ. ಭಾಷೆ ಒಂದೇ ಇದ್ದರೂ ಬಿಡುವು ಎಷ್ಟು ಹೊತ್ತಿನದು ಎಂಬ ಲೆಕ್ಕ ಮನೆಯಿಂದ ಮನೆಗೆ ಬೇರೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ನಿಮ್ಮ ಕಡೆಯಿಂದ ಅಲ್ಲ, ಅವಳ ಕಡೆಯಿಂದ ಹೌದು. ಎರಡೂ ನಿಜ. ಅವಳು ಸುಳ್ಳು ಹೇಳುತ್ತಿಲ್ಲ. ಅವಳು ಒಂದು ವಾಕ್ಯ ಮುಗಿಸಿ ಉಸಿರು ತೆಗೆದುಕೊಂಡಾಗ ನೀವು ‘ಮುಗಿಯಿತು’ ಎಂದುಕೊಳ್ಳುತ್ತೀರಿ, ಅವಳಿಗೆ ಇನ್ನೂ ಎರಡು ವಾಕ್ಯ ಬಾಕಿ ಇರುತ್ತದೆ. ಆ ಉಸಿರಿನ ಜಾಗದಲ್ಲಿ ಒಂದು ತುತ್ತು ಅನ್ನ ಬಾಯಿಗಿಡಿ. ತಮಾಷೆಗೆ ಹೇಳುತ್ತಿಲ್ಲ. ನನ್ನ ಅಳಿಯ ಮಾತು ಕಡಿಮೆಯವನು, ಅವನ ಮುಂದೆ ನಾನು ಇದನ್ನೇ ಮಾಡುತ್ತೇನೆ, ತೂಕ ಮಾತ್ರ ಎರಡು ಕೆ.ಜಿ. ಏರಿದೆ.

ಅವಳಿಗೂ ಇಂಗ್ಲಿಷಿನಲ್ಲೇ ಇರುವ ಈ ಭೇದ ತೋರಿಸಿಕೊಡಿ. ಒಪ್ಪಿಗೆಯ ದನಿ ಸೇರಿಸುವುದು ‘ಚೈಮ್ ಇನ್’, ಗಂಟೆಯ ದನಿಯಿಂದ ಬಂದದ್ದು. ಒಂದು ಮಾತು ತಂದು ಹಾಕುವುದು ‘ಚಿಪ್ ಇನ್’, ಇದನ್ನು ವಂತಿಗೆ ಹಾಕುವುದಕ್ಕೂ ಬಳಸುತ್ತಾರೆ. ಇವೆರಡರಲ್ಲಿ ಬೈಗುಳ ಇಲ್ಲ. ‘ಬಟ್ ಇನ್’ನಲ್ಲಿ ಇದೆ, ಟಗರು ತಲೆಯಿಂದ ಗುದ್ದುವುದಕ್ಕೆ ‘ಬಟ್’ ಎನ್ನುತ್ತಾರೆ. ‘ಕಟ್ ಆಫ್’ ಎಂದರೆ ಬಾಯಿ ಮುಚ್ಚಿಸಿಯೇ ಬಿಡುವುದು. ‘ಟಾಕ್ ಓವರ್’ ಎಂದರೆ ಅವರ ದನಿಯ ಮೇಲೆ ನಮ್ಮ ದನಿ ಏರಿಸುವುದು. ನಿಮ್ಮ ಸೊಸೆಯ ಪರಿಸ್ಥಿತಿಗೆ ಅವರಲ್ಲಿ ಒಳ್ಳೆಯ ನುಡಿಗಟ್ಟಿದೆ: ‘ಐ ಕಾಂಟ್ ಗೆಟ್ ಎ ವರ್ಡ್ ಇನ್ ಎಜ್‌ವೈಸ್’. ಬ್ರಿಟಿಷರಾದರೆ ‘ಎಜ್‌ವೇಸ್’ ಎನ್ನುತ್ತಾರೆ. ತುಂಬಿದ ಬಸ್ಸಿನಲ್ಲಿ ಮೈ ಓರೆ ಮಾಡಿಕೊಂಡು ನುಸುಳುತ್ತೇವಲ್ಲ, ಹಾಗೆ ಒಂದು ಮಾತನ್ನು ಓರೆಯಾಗಿ ತೂರಿಸಲೂ ಸಂದಿ ಇಲ್ಲ ಎಂದು ಅರ್ಥ.

ಕಲಬುರಗಿಯಿಂದ, ಉಪನ್ಯಾಸಕಿ: ಸಭೆಗಳಲ್ಲಿ ಗಂಡಸರೇ ಹೆಚ್ಚು ಬಾಯಿ ಹಾಕುತ್ತಾರೆ ಎಂದು ನನ್ನ ಅನುಭವ. ಲೆಕ್ಕ ಇದೆಯೇ?

ಒಂದು ಹಳೆಯ ಲೆಕ್ಕ ಇದೆ. ಡಾನ್ ಝಿಮ್ಮರ್‌ಮನ್ ಮತ್ತು ಕ್ಯಾಂಡೇಸ್ ವೆಸ್ಟ್ ಎಂಬ ಇಬ್ಬರು 1975ರಲ್ಲಿ ಪ್ರಕಟಿಸಿದ್ದು. ಗಂಡು ಹೆಣ್ಣು ಜೋಡಿಯ 11 ಸಂಭಾಷಣೆಗಳಲ್ಲಿ ಒಟ್ಟು 48 ಇಂಟರಪ್ಷನ್ ಸಿಕ್ಕವು, ಅದರಲ್ಲಿ 46 ಗಂಡಸರವು. ವಾಕ್ಯದ ಕೊನೆಯ ತುದಿಗೆ ತಾಗಿದ್ದನ್ನು ಅವರು ಓವರ್‌ಲ್ಯಾಪ್ ಎಂದು ಬೇರೆಯೇ ಇಟ್ಟಿದ್ದರು, ಅಂದರೆ ನ್ಯೂಜೆರ್ಸಿಯ ಅಮ್ಮನ ಎಷ್ಟೋ ಮಾತು ಈ ಲೆಕ್ಕಕ್ಕೆ ಬರುತ್ತಿರಲಿಲ್ಲ. 11 ಸಂಭಾಷಣೆ ಬಹಳ ಕಡಿಮೆ ಎಂದು ಆಮೇಲಿನವರು ತಗಾದೆ ತೆಗೆದರು, ಬೇರೆ ಬೇರೆ ಫಲಿತಾಂಶಗಳೂ ಬಂದಿವೆ. ನನ್ನ ಸ್ವಂತ ಲೆಕ್ಕ ಕೇಳಿದರೆ, ನಮ್ಮ ಸ್ಟಾಫ್ ಮೀಟಿಂಗುಗಳು 46ರ ಕಡೆಗೇ ವಾಲುತ್ತಿದ್ದವು.

ಮಂಗಳೂರಿನಿಂದ: ಸಂಸತ್ತಿನ ಸುದ್ದಿಯಲ್ಲಿ ಇಂಟರಪ್ಷನ್, ಡಿಸ್ರಪ್ಷನ್, ಹೆಕ್ಲಿಂಗ್ ಎಂದೆಲ್ಲ ಬರುತ್ತದೆ. ಮೂರೂ ಗಲಾಟೆಯೇ ಅಲ್ಲವೇ?

ಗಲಾಟೆಯ ಅಳತೆ ಬೇರೆ. ಲೋಕಸಭೆಯ ಚರ್ಚೆಗಳ ಅಧಿಕೃತ ವರದಿ ತೆರೆದು ನೋಡಿ, ಭಾಷಣದ ನಡು ನಡುವೆ ಆವರಣ ಚಿಹ್ನೆಯೊಳಗೆ ‘ಇಂಟರಪ್ಷನ್ಸ್’ ಎಂಬ ಒಂದೇ ಪದ ಕೂತಿರುತ್ತದೆ. ಯಾರು ಏನು ಕೂಗಿದರು ಎಂಬುದೆಲ್ಲ ಆ ಒಂದು ಪದದ ಹೊಟ್ಟೆಯಲ್ಲಿ. ಭಾಷಣ ಮುಂದುವರಿಯುವವರೆಗೆ ಅದು ಇಂಟರಪ್ಷನ್. ಕೂಗಾಟ ಹೆಚ್ಚಿ ಸದನವನ್ನೇ ಮುಂದೂಡಿದರೆ ಡಿಸ್ರಪ್ಷನ್. ಅದೇ ‘ರಪ್ಟ್’, ಆದರೆ ಎಳೆ ಮಾತ್ರವಲ್ಲ, ಬಟ್ಟೆಯೇ ಹರಿದದ್ದು. ‘ಹೆಕ್ಲ್’ ಮಾಡುವುದು ಸಭಿಕರಿಂದ ಭಾಷಣಕಾರನಿಗೆ ಬೀಳುವ ಕುಟುಕು. ಆ ಪದದ ಮೊದಲ ಕೆಲಸ ಅಗಸೆ ನಾರನ್ನು ಮೊಳೆಯ ಬಾಚಣಿಗೆಯಲ್ಲಿ ಬಾಚುವುದು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ನಾರು ಬಾಚುವ ಕೆಲಸಗಾರರು ಪ್ರಶ್ನೆ ಕೇಳುವುದರಲ್ಲಿ ಗಟ್ಟಿಗರಾಗಿದ್ದರು, ಅವರಿಂದಲೇ ಈ ಅರ್ಥ ಹಬ್ಬಿತು ಎಂದು ಹೇಳುವುದುಂಟು. ಪ್ರಶ್ನೆ ಹಾಕಿ ಸಿಕ್ಕು ಬಿಡಿಸುವುದು ಒಳ್ಳೆಯ ಕೆಲಸವೇ, ಬಾಚಣಿಗೆ ಸ್ವಲ್ಪ ಚೂಪು.

ಮೈಸೂರಿನಿಂದ: ಸಿನಿಮಾದ ಇಂಟರ್ವಲ್ಲೂ ಇಂಟರಪ್ಷನ್ನೇ?

ಅಲ್ಲ, ಅದು ಒಪ್ಪಿಕೊಂಡ ಬಿಡುವು. ಲ್ಯಾಟಿನ್ನಿನಲ್ಲಿ ‘ಇಂಟರ್ವಲ್’ ಎಂದರೆ ಎರಡು ಕೋಟೆಗೋಡೆಗಳ ನಡುವಿನ ಜಾಗ. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮೆರಿಕದಲ್ಲಿ ‘ಇಂಟರ್‌ಮಿಷನ್’ ಎನ್ನುತ್ತಾರೆ. ಕ್ಲೈಮ್ಯಾಕ್ಸಿನಲ್ಲಿ ಮುಂದಿನ ಸೀಟಿನವರ ಫೋನ್ ಹೊಡೆದುಕೊಂಡರೆ ಮಾತ್ರ ಇಂಟರಪ್ಷನ್. ನಮ್ಮಲ್ಲಿ ಅದಕ್ಕೆ ‘ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ’ ಎನ್ನುತ್ತೇವೆ. ಆ ಕರಡಿ ಕಾಡಿನ ಪ್ರಾಣಿಯೋ, ಕರಡಿ ಮಜಲಿನ ವಾದ್ಯವೋ ಎಂಬ ಜಗಳಕ್ಕೆ ದಯವಿಟ್ಟು ಈಗಲೇ ಪತ್ರ ಬರೆಯಬೇಡಿ.

ಚಿಕ್ಕಮಗಳೂರಿನಿಂದ, ಹೋಂಸ್ಟೇ ನಡೆಸುವವರು: ಅತಿಥಿಗಳ ಕೋಣೆಗೆ ಕಾಫಿ ಕೊಡಲು ಹೋದಾಗ ‘ಸಾರಿ ಟು ಇಂಟ್ರೂಡ್’ ಎನ್ನುತ್ತೇನೆ. ಸರಿಯೇ?

ಸರಿಯಾಗಿದೆ, ಆದರೆ ಭಾರವಾಯಿತು ಮಾರಾಯ್ರೇ. ‘ಇಂಟ್ರೂಡ್’ ಎಂದರೆ ಒಳಗೆ ತಳ್ಳಿಕೊಂಡು ಬರುವುದು, ಇಲ್ಲಿ ಅಂಗವಲ್ಲ, ಇಡೀ ಮೈ. ಬೇರೆಯವರ ಏಕಾಂತಕ್ಕೆ, ದುಃಖಕ್ಕೆ, ಜಾಗಕ್ಕೆ ಅದು. ಸಾವಿನ ಮನೆಗೆ ಕ್ಯಾಮೆರಾ ಹಿಡಿದು ಹೋದವರು ಇಂಟ್ರೂಡ್ ಮಾಡುತ್ತಾರೆ. ಬಾಗಿಲು ತಟ್ಟದೆ ನುಗ್ಗಿದರೆ ‘ಬಾರ್ಜ್ ಇನ್’. ಬಾರ್ಜ್ ಎಂದರೆ ಸರಕು ಸಾಗಿಸುವ ಚಪ್ಪಟೆ ತಳದ ದೋಣಿ, ದಡಕ್ಕೂ ಬೇರೆ ದೋಣಿಗೂ ಡಿಕ್ಕಿ ಹೊಡೆಯುತ್ತ ಸಾಗುವಂಥದ್ದು. ನೀವು ತಟ್ಟೆ ಹಿಡಿದು, ಬಾಗಿಲು ತಟ್ಟಿ, ‘ಕಾಫಿ ಫಾರ್ ಯು’ ಎಂದರೆ ಸಾಕು. ಚಿಕ್ಕಮಗಳೂರಿನ ಕಾಫಿಗೆ ಕ್ಷಮೆ ಯಾಕೆ?

ಶಿರಸಿಯಿಂದ, ಹತ್ತನೇ ತರಗತಿ: ಟೀಚರ್, ಸರ್ ಪಾಠ ಮಾಡುವಾಗ ಡೌಟ್ ಬಂದರೆ ಹೇಗೆ ಕೇಳಬೇಕು? ‘ಮೇ ಐ ಡಿಸ್ಟರ್ಬ್ ಯು ಸರ್’ ಎಂದರೆ ಎಲ್ಲರೂ ನಗುತ್ತಾರೆ.

ನಗುವವರಿಗೂ ಸರಿಯಾದದ್ದು ಗೊತ್ತಿರುವುದಿಲ್ಲ, ಹೆದರಬೇಡ ಮಗಳೇ. ಪಾಠ ನಡೆಯುತ್ತಿದ್ದರೆ ‘ಸಾರಿ ಟು ಇಂಟರಪ್ಟ್ ಸರ್’ ಎಂದು ಹೇಳಿ ನೇರ ಪ್ರಶ್ನೆಗೆ ಹೋಗು. ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದುತ್ತಿದ್ದರೆ ‘ಸಾರಿ ಟು ಡಿಸ್ಟರ್ಬ್ ಯು ಸರ್’. ಬೇರೆ ಟೀಚರ್ ಜೊತೆ ಮಾತಾಡುತ್ತಿದ್ದರೆ ‘ಎಕ್ಸ್‌ಕ್ಯೂಸ್ ಮಿ ಸರ್’ ಎಂದು ಹೇಳಿ ನಿಲ್ಲು, ಅವರು ತಿರುಗಿದ ಮೇಲೆ ಕೇಳು. ಇನ್ನೊಂದು ವಿಷಯ, ‘ಐ ಹ್ಯಾವ್ ಎ ಡೌಟ್’ ಎಂದು ನಾವೆಲ್ಲ ಹೇಳುತ್ತೇವೆ. ಹೊರದೇಶದವರಿಗೆ ಅದು ನೀವು ಹೇಳಿದ್ದರಲ್ಲಿ ನನಗೆ ನಂಬಿಕೆ ಇಲ್ಲ ಎಂದಂತೆ ಕೇಳುತ್ತದೆ, ‘ಐ ಹ್ಯಾವ್ ಎ ಕ್ವೆಶ್ಚನ್’ ಅಭ್ಯಾಸ ಮಾಡಿಕೋ. ಇದಾವುದೂ ಆ ಹೊತ್ತಿಗೆ ನಾಲಿಗೆಗೆ ಬಾರದಿದ್ದರೆ ಕೈ ಎತ್ತು.